ಚೀಲದಲ್ಲಿದ್ದ ಜಪಸರ

ಬುದ್ಧ, ಧಮ್ಮ, ಸಂಘಗಳಿಗೆ ಶರಣು ಎನ್ನುವ ತ್ರಿಶರಣವನ್ನು ನಾನು ಹೇಳಿ ಮೊನ್ನೆಗೆ ಮೂರು ವರ್ಷ ತುಂಬಿತು. ಕ್ಯಾಥೊಲಿಕ್ ಮನೆಯಲ್ಲಿ ಹುಟ್ಟಿ, ಮೂವತ್ತೆಂಟು ವರ್ಷ ಅಲ್ಲೇ ಬಾಳಿ, ಆಮೇಲೆ ಬೌದ್ಧನಾದವನು ನಾನು. ಆಗ ಯಾರಿಗೂ ಸರಿಯಾಗಿ ಧನ್ಯವಾದ ಹೇಳಲಿಲ್ಲ. ಹೇಳುವ ಸ್ಥಿತಿಯಲ್ಲಿರಲಿಲ್ಲ ಎನ್ನುವುದು ಅರ್ಧ ನಿಜ. ಹೊಸದೊಂದು ಸಿಕ್ಕಿದ ಜಂಬವೂ ಇತ್ತು. ಹೇಳಬೇಕಾದ ಹೆಸರುಗಳಲ್ಲಿ ಹೆಚ್ಚಿನವು ನಾನು ಬಿಟ್ಟುಬಂದ ಕಡೆಯವರದ್ದೇ ಎಂಬುದು ಒಪ್ಪಿಕೊಳ್ಳಲು ಮೂರು ವರ್ಷ ಹಿಡಿಯಿತು.

ಅಪ್ಪ ತೀರಿಕೊಂಡ ರಾತ್ರಿ ಅವರ ಕರೆ ಎರಡು ಸಲ ಬಂದಿತ್ತು. ಹಿಂದಿನ ವಾರದ ಜಗಳದ ಬಿಸಿ ಆರಿರಲಿಲ್ಲ. ಮೊಬೈಲನ್ನು ಬೋರಲು ಹಾಕಿ ಮಲಗಿದೆ. ಬೆಳಗ್ಗೆ ಅಮ್ಮನ ಕರೆ ಬಂತು. ಮುಂದಿನ ಎರಡು ವರ್ಷ ನನ್ನ ನಿದ್ದೆ ಸರಿಯಾಗಿ ಆ ಎರಡನೆಯ ಕರೆಯ ಹೊತ್ತಿಗೆ ಮುರಿಯುತ್ತಿತ್ತು.

ಮೊದಲ ಧನ್ಯವಾದ ನಮ್ಮ ಫಾದರ್‌ಗೆ. ಏಳನೆಯ ಸಲವೋ ಎಂಟನೆಯ ಸಲವೋ ಪಾಪನಿವೇದನೆಯಲ್ಲಿ ಅದನ್ನೇ ಹೇಳಿದಾಗ ಅವರು ತಡೆದರು: "ಇದಕ್ಕೆ ಮೊದಲ ಸಲವೇ ಕ್ಷಮೆ ಸಿಕ್ಕಿದೆ. ಇನ್ನು ಇದನ್ನು ಇಲ್ಲಿಗೆ ತರಬೇಡ. ನಾಳೆಯೇ ಹೋಗಿ ಒಬ್ಬ ಮನೋವೈದ್ಯರನ್ನು ನೋಡು." ಆಗ ಸಿಟ್ಟು ಬಂದಿತ್ತು. ಆಮೇಲೆ ಅವರೇ ವಿವರಿಸಿದರು. ಕ್ಷಮೆ ಸಿಕ್ಕ ಮೇಲೂ ಅದೇ ತಪ್ಪನ್ನು ಕೆರೆಯುತ್ತ ಕೂರುವ ಈ ಕಾಟ ಚರ್ಚಿಗೆ ಹೊಸದಲ್ಲವಂತೆ. ಯೇಸುಸಭೆಯನ್ನು ಕಟ್ಟಿದ ಇಗ್ನೇಷಿಯಸ್ ಲೊಯೋಲಾ ಅವರೇ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿದ್ದಾಗ ಇದರಿಂದ ನರಳಿ, ಪ್ರಾಣ ಬಿಡುವ ಯೋಚನೆಯವರೆಗೂ ಹೋಗಿದ್ದರು. ಸಂತರಿಗೇ ಹಾಗಾಗಿದ್ದರೆ ನನ್ನದೇನು ಎಂದು ಅವತ್ತು ಸ್ವಲ್ಪ ಹಗುರವಾಯಿತು.

ವೈದ್ಯರಿಗೂ ಅಷ್ಟೇ ಋಣಿ. ಎಂಟು ತಿಂಗಳು ಮಾತ್ರೆ ತೆಗೆದುಕೊಂಡೆ. ಧ್ಯಾನವೊಂದಿದ್ದರೆ ಔಷಧ ಬೇಡ ಎನ್ನುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನಿದ್ದೆ ಮರಳಿದ ಮೇಲಷ್ಟೇ ನನಗೆ ಕಣ್ಣು ಮುಚ್ಚಿ ಕೂರಲು ಸಾಧ್ಯವಾದದ್ದು.

ಗೋಯೆಂಕಾ ಅವರ ಕ್ರಮದ ಹತ್ತು ದಿನಗಳ ವಿಪಶ್ಯನಾ ಶಿಬಿರದ ಅರ್ಜಿಯನ್ನು ನನ್ನ ಪರವಾಗಿ ತುಂಬಿದ ಸಹೋದ್ಯೋಗಿಗೆ ಎರಡನೆಯ ನಮಸ್ಕಾರ. ಹೋದ ದಿನ ಮೊಬೈಲು, ಪುಸ್ತಕ, ಪೆನ್ನು ಎಲ್ಲ ಒಪ್ಪಿಸಬೇಕು. ಚೀಲ ತೆರೆದರೆ ಮಡಿಸಿದ ಟವೆಲಿನೊಳಗೆ ಅಮ್ಮನ ಜಪಸರ! ಮಣಿಗಳು ಅವರ ಬೆರಳಿಗೆ ಸವೆದು ನುಣುಪಾಗಿದ್ದವು. ಜಪಮಾಲೆ, ತಾಯಿತ ಯಾವುದನ್ನೂ ಒಳಗೆ ಇಟ್ಟುಕೊಳ್ಳುವಂತಿಲ್ಲ ಎಂಬುದು ಅಲ್ಲಿನ ನಿಯಮ. ಮೇಜಿನ ಆಚೆಗಿದ್ದ ಸ್ವಯಂಸೇವಕರು ಅದನ್ನು ಒಂದು ಲಕೋಟೆಗೆ ಹಾಕಿ, ನನ್ನ ಹೆಸರು ಬರೆದು, ಎರಡೂ ಕೈಯಲ್ಲಿ ಹಿಡಿದು ಕಪಾಟಿನಲ್ಲಿಟ್ಟರು. ಎರಡೂ ಕೈಯಲ್ಲಿ ಹಿಡಿಯಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನಿಮ್ಮ ಹೆಸರು ನನಗೆ ಗೊತ್ತಿಲ್ಲ, ಆದರೆ ನಿಮಗೂ ಧನ್ಯವಾದ.

ನಸುಕಿನ ನಾಲ್ಕಕ್ಕೆ ಗಂಟೆ. ದಿನಕ್ಕೆ ಹತ್ತು ಗಂಟೆಗೂ ಹೆಚ್ಚು ಕಾಲ ಕೂರುವುದು. ಮೊದಲ ಮೂರು ದಿನ ಮೂಗಿನ ಬಳಿ ಉಸಿರು ಬಂದು ಹೋಗುವುದನ್ನು ಗಮನಿಸುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಐದನೆಯ ದಿನ, ಒಂದು ಗಂಟೆ ಅಲುಗಾಡದೆ ಕೂತಿದ್ದಾಗ, ಎಡ ಮಂಡಿ ಸುಡುತ್ತಿರುವ ನಡುವೆ ಕಿವಿಯಲ್ಲಿ ಅಪ್ಪನ ಕರೆ ರಿಂಗಾಯಿತು. ದವಡೆ ಕಚ್ಚಿಕೊಂಡಿತು. ಎದೆಯ ನಡುವೆ ಮುಷ್ಟಿಯಷ್ಟು ಜಾಗ ಬಿಗಿಯಾಯಿತು. ಎದ್ದು ಓಡುವಂತಿಲ್ಲ, ಯಾರಿಗೂ ಹೇಳುವಂತಿಲ್ಲ, ಕ್ಷಮೆ ಕೇಳಲು ಎದುರಿಗೆ ಯಾರೂ ಇಲ್ಲ. ನೋಡುತ್ತ ಕೂತೆ. ಆ ಬಿಗಿತ ಅಂಚಿನಿಂದ ಸಡಿಲವಾಗುತ್ತ ಬಂತು. ಮತ್ತೆ ಬಿಗಿಯಿತು, ಮತ್ತೆ ಸಡಿಲವಾಯಿತು. ಎರಡು ವರ್ಷದಲ್ಲಿ ಮೊದಲ ಬಾರಿಗೆ ಅದು ತಾನಾಗಿ ಮುಗಿಯುವುದನ್ನು ಕಂಡೆ. ಬುದ್ಧನ ಉಪದೇಶಗಳ ಸಂಗ್ರಹವಾದ ಸಂಯುತ್ತ ನಿಕಾಯದ ಸಲ್ಲ ಸುತ್ತದಲ್ಲಿ ಎರಡು ಬಾಣಗಳ ಹೋಲಿಕೆ ಇದೆ: ಮೈಗೆ ತಗುಲಿದ ಬಾಣ ಒಂದು, ಅದಕ್ಕಾಗಿ ಗೋಳಾಡಿ ನಾವೇ ಚುಚ್ಚಿಕೊಳ್ಳುವುದು ಇನ್ನೊಂದು. ಅದನ್ನು ಓದಿದ್ದು ಬಹಳ ತಡವಾಗಿ. ಓದಿದಾಗ ನೆನಪಾದದ್ದು ಆ ಮಂಡಿನೋವು.

ಮನೆಗೆ ಬಂದವನು ಅಸಹನೀಯನಾಗಿದ್ದೆ. ಕಂಡಕಂಡವರಿಗೆಲ್ಲ ಅನಿಚ್ಚ (ಎಲ್ಲವೂ ಅನಿತ್ಯ), ಅನತ್ತ (ನಾನು ಎಂಬುದಿಲ್ಲ) ಎಂದು ಉಪದೇಶ. "ಹತ್ತು ದಿನ ಆಡದೆ ಉಳಿಸಿದ ಮಾತನ್ನೆಲ್ಲ ಒಂದೇ ವಾರದಲ್ಲಿ ಆಡುತ್ತಿದ್ದೀರಲ್ಲ" ಎಂದಳು ಹೆಂಡತಿ. ಅವಳ ತಾಳ್ಮೆಗೆ ಧನ್ಯವಾದ ಎಂದರೆ ಕಡಿಮೆಯಾಗುತ್ತದೆ, ಕ್ಷಮೆಯನ್ನೂ ಸೇರಿಸಿಕೊಳ್ಳಲಿ.

ಮತಾಂತರಕ್ಕೆ ಆ ಶಿಬಿರ ಕಾರಣವಲ್ಲ. ಧರ್ಮ ಬದಲಿಸಬೇಕಿಲ್ಲ ಎಂದೇ ಅಲ್ಲಿ ಹೇಳುತ್ತಾರೆ. ಅದು ನನ್ನ ನಿರ್ಧಾರ. ಉಪದೇಶ ಕೇಳಲು ಹೋಗುತ್ತಿದ್ದ ಬೌದ್ಧ ಭಿಕ್ಷು ಭಂತೇಜಿಯವರ ಬಳಿ ತ್ರಿಶರಣ ಕೊಡಿ ಎಂದಾಗ ಅವರು ಖುಷಿಪಡಲಿಲ್ಲ. ಒಂದು ವರ್ಷ ಬಿಟ್ಟು ಬಾ ಎಂದರು. ಅವಮಾನವಾದಂತಾಯಿತು. ಇದ್ದ ಧರ್ಮದಲ್ಲೇ ಇರುವುದು ಕ್ಷೇಮ ಎಂದು ದಲೈ ಲಾಮಾ ಅವರು ಪಶ್ಚಿಮದವರಿಗೆ ಮತ್ತೆ ಮತ್ತೆ ಹೇಳುತ್ತಾರಲ್ಲ, ಅದೂ ನನಗೆ ಬಾಗಿಲು ಮುಚ್ಚಿದಂತೆ ಕೇಳುತ್ತಿತ್ತು. ಆಗ ಭಂತೇಜಿ ಮಜ್ಝಿಮ ನಿಕಾಯದ ಉಪಾಲಿಯ ಕಥೆ ಹೇಳಿದರು. ಉಪಾಲಿ ನಿಗಂಠ ನಾತಪುತ್ತರ, ಅಂದರೆ ಮಹಾವೀರರ ಗೃಹಸ್ಥ ಶಿಷ್ಯ, ಹೆಸರಾಂತ ಸಿರಿವಂತ. ಬುದ್ಧನೊಂದಿಗೆ ವಾದಕ್ಕೆ ಬಂದು, ಸೋತು, ನಿಮ್ಮ ಉಪಾಸಕನಾಗುತ್ತೇನೆ ಎನ್ನುತ್ತಾನೆ. ಚೆನ್ನಾಗಿ ಪರಿಶೀಲಿಸಿ ನಿರ್ಧರಿಸು ಎನ್ನುತ್ತಾನೆ ಬುದ್ಧ. ಅಷ್ಟಕ್ಕೇ ಬಿಡುವುದಿಲ್ಲ. ನಿನ್ನ ಮನೆ ಬಹುಕಾಲದಿಂದ ನಿಗಂಠರಿಗೆ, ಅಂದರೆ ಜೈನ ಮುನಿಗಳಿಗೆ, ಬಾವಿಯಂತಿದೆ, ಅವರು ಬಂದರೆ ಇನ್ನು ಮುಂದೆಯೂ ಭಿಕ್ಷೆ ನೀಡಬೇಕು ಎನ್ನುತ್ತಾನೆ. "ಆ ವರ್ಷದಲ್ಲಿ ಮಾಡಬೇಕಾದದ್ದು ಇದೇ," ಎಂದರು ಭಂತೇಜಿ. "ಅಮ್ಮನ ಜೊತೆ ಚರ್ಚಿನ ಬಲಿಪೂಜೆಗೆ ಹೋಗುವುದನ್ನು ನಿಲ್ಲಿಸಬೇಡ."

ಹಾಗೆಯೇ ಹೋದೆ. ವರ್ಷ ಕಳೆದು, ಮೂರು ಸಲ ಶರಣು ಹೇಳಿ, ಐದು ಶೀಲ ಸ್ವೀಕರಿಸಿದೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ಹಳೆಯದನ್ನು ತ್ಯಜಿಸುತ್ತೇನೆ ಎಂಬ ಮಾತು ಅದರಲ್ಲೆಲ್ಲೂ ಇಲ್ಲ.

ಫಾದರ್‌ಗೆ ಹೇಳಲು ಹೋದಾಗ ಕಾಲು ನಡುಗುತ್ತಿತ್ತು. ಅವರಿಗೆ ನೋವಾಯಿತು, ಮುಚ್ಚಿಡಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರಾಗಿ ನಕ್ಕರು. "ನಮ್ಮ ಸಂತರ ಪಟ್ಟಿಗೆ ನಿನ್ನ ಬುದ್ಧ ಎಂದೋ ಬಂದಾಗಿದೆ" ಎಂದರು. ನಿಜವೇ. ಅರಮನೆ ತೊರೆದ ರಾಜಕುಮಾರನ ಕಥೆ ಭಾಷೆಯಿಂದ ಭಾಷೆಗೆ ಹೋಗುತ್ತ, ಬೋಧಿಸತ್ವ ಎಂಬ ಹೆಸರು ಅರಬ್ಬಿ, ಜಾರ್ಜಿಯನ್, ಗ್ರೀಕ್ ದಾಟಿ ಲ್ಯಾಟಿನ್ನಿನಲ್ಲಿ ಜೋಸಫಾತ್ ಆಯಿತು. ರೋಮಿನ ಹುತಾತ್ಮರ ಪಟ್ಟಿಯಲ್ಲಿ ನವೆಂಬರ್ 27 ಆ ಕಥೆಯ ಗುರು ಬಾರ್ಲಾಮ್ ಮತ್ತು ಜೋಸಫಾತರ ದಿನವಾಗಿತ್ತು. ನೊಂದ ಮನುಷ್ಯನೊಬ್ಬ ಎದುರಿಗಿದ್ದವನನ್ನು ಸಮಾಧಾನಪಡಿಸಲು ಇಷ್ಟು ದೂರದಿಂದ ಮಾತು ಹುಡುಕಿ ತಂದರಲ್ಲ, ಅದನ್ನು ಮರೆಯಲಾರೆ.

ಎಲ್ಲವೂ ಲಾಭವೇ ಆಯಿತೆಂದು ಬರೆದರೆ, ಸುಳ್ಳಾಡೆನು ಎಂಬ ನಾಲ್ಕನೆಯ ಶೀಲ ಮುರಿದಂತೆ. ಮಾತಾಡಿಸಲು ದೇವರೆಂಬ ಒಬ್ಬನಿದ್ದ, ಅವನು ಹೋದ. ಮಗಳಿಗೆ ಜ್ವರ ಏರಿದ ರಾತ್ರಿ ಬಾಯಿಗೆ ತಾನಾಗಿ ಬಂದದ್ದು "ನಮೋ ಮರಿಯಾ". ಅರ್ಧಕ್ಕೆ ನಿಲ್ಲಿಸಿದೆ. ನಿಲ್ಲಿಸಿದ್ದು ಯಾಕೋ ಸುಳ್ಳೆನಿಸಿತು, ಪೂರ್ತಿ ಹೇಳಿದೆ. ಭಂತೇಜಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ: "ಮಗುವಿಗೆ ಹೇಗಿದೆ?"

ಕೊನೆಗೆ ಅಮ್ಮ. ದೀಕ್ಷಾಸ್ನಾನದ ಮುದ್ರೆ ಯಾವ ನೀರಿಗೂ ಅಳಿಸುವುದಿಲ್ಲ ಎಂಬುದು ಚರ್ಚಿನ ಬೋಧನೆ. ಅಮ್ಮ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ. "ನೀನು ಎಲ್ಲಿ ಬೇಕಾದರೂ ಕೂತುಕೋ, ನನಗೇನು" ಎನ್ನುತ್ತಾರೆ. ಅಪ್ಪನ ಎರಡು ಕರೆಗಳ ವಿಷಯ ಅವರಿಗೆ ಹೇಳಿದ್ದು ಕಳೆದ ವರ್ಷ. ಬಟ್ಟೆ ಮಡಿಸುತ್ತಿದ್ದವರು ಕೈ ನಿಲ್ಲಿಸಲಿಲ್ಲ. "ನನಗೂ ಅವತ್ತು ಅವರ ಮೇಲೆ ಕೋಪವಿತ್ತು" ಎಂದರು. ಅಷ್ಟೇ. ಆಮೇಲೆ ಇಬ್ಬರೂ ಸೇರಿ ಉಳಿದ ಬಟ್ಟೆ ಮಡಿಸಿದೆವು.

ಮುಂದಿನ ತಿಂಗಳು ಮತ್ತೊಂದು ಶಿಬಿರಕ್ಕೆ ಹೊರಟಿದ್ದೇನೆ. ಈ ಸಲ ಚೀಲ ನಾನೇ ತುಂಬಿಕೊಳ್ಳುತ್ತೇನೆ ಎಂದಿದ್ದೇನೆ. ಅಮ್ಮ ಒಪ್ಪಿಲ್ಲ.