ನಿನ್ನೆಯ ಬಿಸಿಲಿನಿಂದ ಇಂದಿನ ಎಸರು: ಪಾವಗಡದ ಅಂಬಲಿ ಅರವಟಿಗೆಗೆ ನೆರವು ಕೋರಿ ಮನವಿ

ಮಾನ್ಯ ದಾನಿಗಳೇ, ಬಂಧುಗಳೇ,

ಬೇಸಿಗೆಯಲ್ಲಿ ದಾರಿಹೋಕರಿಗೆ ನೀರುಮಜ್ಜಿಗೆ ಕೊಡುವ ಅರವಟಿಗೆಯಾಗಿ ಪಾವಗಡದ ಕೆಲವು ಮನೆಯವರು ಸೇರಿ ಆರಂಭಿಸಿದ ನಮ್ಮ ಸೇವೆಯು ಈಗ ವರ್ಷವಿಡೀ ಬೆಳಿಗ್ಗೆ ಅಂಬಲಿಯನ್ನೂ ಮಧ್ಯಾಹ್ನ ಮುದ್ದೆ ಸಾರನ್ನೂ ಬಡಿಸುವ ಪುಟ್ಟ ಅಡುಗೆಮನೆಯಾಗಿದೆ. ಹಳ್ಳಿಗಳಿಂದ ಆಸ್ಪತ್ರೆಗೆ ಬಂದವರು, ರೋಗಿಗಳ ಜೊತೆಗೆ ಉಳಿದವರು, ಕೂಲಿ ಅರಸಿ ಮೊದಲ ಬಸ್ಸಿಗೆ ಬಂದಿಳಿದವರು ಇಲ್ಲಿ ಉಣ್ಣುತ್ತಾರೆ. ಯಾರಿಂದಲೂ ಹಣ ಪಡೆಯುವುದಿಲ್ಲ, ಯಾರನ್ನೂ ಊರು ಕೇರಿ ಕೇಳುವುದಿಲ್ಲ.

ಸುಗ್ಗಿ ಮುಗಿದ ಮೇಲೆ ರೈತರು ರಾಗಿ ತಂದು ಕೊಡುತ್ತಾರೆ. ಹುಣಸೆಹಣ್ಣು, ಕಡಲೆಕಾಯಿ, ಮೊಸರು ಮನೆಗಳಿಂದ ಬರುತ್ತವೆ. ಹಿಟ್ಟು ತೊಳಸುವ ಕೈಗಳಿಗೂ ದೇವರ ದಯೆಯಿಂದ ಕೊರತೆಯಿಲ್ಲ. ಆದರೆ ಉರಿಯನ್ನು ಮಾತ್ರ ಪ್ರತಿ ತಿಂಗಳೂ ದುಡ್ಡು ಕೊಟ್ಟೇ ಕೊಳ್ಳಬೇಕಾಗಿದ್ದು, ಹುಂಡಿಗೆ ಬಿದ್ದ ಹಣದ ಹೆಚ್ಚಿನ ಪಾಲು ಅಡುಗೆ ಅನಿಲಕ್ಕೇ ಹೋಗುತ್ತಿದೆ. ಈ ಭಾರ ಇಳಿಸಲು, ಬಿಸಿಲಿನಿಂದಲೇ ನೀರು ಕಾಯಿಸುವ 300 ಲೀಟರಿನ ಸೋಲಾರ್ ವಾಟರ್ ಹೀಟರ್ ಒಂದನ್ನು ಹಾಕಿಸಬೇಕೆಂದಿದ್ದೇವೆ.

ಮುದ್ದೆ ಮಾಡಿದವರಿಗೆ ತಿಳಿದಿರುವಂತೆ, ಹೊತ್ತನ್ನೂ ಉರಿಯನ್ನೂ ಹೆಚ್ಚು ತಿನ್ನುವುದು ಎಸರು. ಅಂಬಲಿಗೂ ನೀರೇ ಹೆಚ್ಚು. ತಣ್ಣೀರನ್ನು ಕುದಿಗೆ ತರುವ ದಾರಿಯಲ್ಲಿ 25 ಡಿಗ್ರಿಯಿಂದ 60 ಡಿಗ್ರಿಯವರೆಗಿನ ಕೆಲಸವನ್ನು ಬಿಸಿಲೇ ಮಾಡಿಕೊಟ್ಟರೆ ಒಲೆಯ ಪಾಲಿಗೆ ಉಳಿಯುವುದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ. ದಿನಕ್ಕೆ ಅಡುಗೆಗೆ ಬೇಕಾದ ಸುಮಾರು 200 ಲೀಟರ್ ನೀರಿನ ಲೆಕ್ಕದಲ್ಲಿ, ಒಲೆಯಲ್ಲಿ ಪೋಲಾಗುವ ಶಾಖವನ್ನೂ ಸೇರಿಸಿ ನೋಡಿದರೆ, ಒಳ್ಳೆಯ ಬಿಸಿಲಿನ ದಿನ ಸುಮಾರು ಒಂದು ಕೆ.ಜಿ. ಅನಿಲ ಉಳಿಯುತ್ತದೆ. ಅಂದರೆ ಹದಿನೆಂಟು ಹತ್ತೊಂಬತ್ತು ದಿನಗಳಿಗೆ 19 ಕೆ.ಜಿ.ಯ ಒಂದು ಸಿಲಿಂಡರ್ ಉಳಿದಂತೆ.

ಬಿಸಿಲಿಗೆ ನಮ್ಮ ತಾಲ್ಲೂಕಿನಲ್ಲಿ ಎಂದೂ ಬರವಿಲ್ಲ. ತಿರುಮಣಿಯ ಸುತ್ತ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ನಿಂತಿರುವುದು ಈ ಬಿಸಿಲನ್ನು ನಂಬಿಯೇ. ನಮಗೆ ಬೇಕಾದ ವ್ಯವಸ್ಥೆ ಅದಕ್ಕಿಂತ ಬಹಳ ಸರಳವಾದದ್ದು. ಗಾಜಿನ ಕೊಳವೆಗಳಲ್ಲಿ ಬಿಸಿಯಾದ ನೀರು ಹಗುರವಾಗಿ ತಾನಾಗಿಯೇ ಮೇಲಿನ ಟ್ಯಾಂಕಿಗೆ ಏರುವುದರಿಂದ ಪಂಪೂ ಬೇಡ, ಕರೆಂಟೂ ಬೇಡ. ಹಗಲೆಲ್ಲ ಕಾದ ನೀರು, ಶಾಖ ಸೋರದಂತೆ ಹೊದಿಕೆಯಿರುವ ಟ್ಯಾಂಕಿನಲ್ಲಿ ರಾತ್ರಿ ಕೆಲವೇ ಡಿಗ್ರಿ ತಣಿದು, ನಸುಕಿನಲ್ಲಿ ಅಂಬಲಿಯ ಪಾತ್ರೆ ಒಲೆಗೇರುವ ಹೊತ್ತಿಗೆ ಸಿದ್ಧವಾಗಿರುತ್ತದೆ. ಶಿರಡಿಯ ಪ್ರಸಾದಾಲಯದಲ್ಲಿ 2009ರಿಂದ 73 ದೊಡ್ಡ ಪ್ರತಿಫಲಕಗಳು ಬಿಸಿಲಿನಿಂದ ಹಬೆ ಎಬ್ಬಿಸಿ ಅಡುಗೆಗೆ ಒದಗಿಸಿವೆ. ಸೂರ್ಯನ ಜೊತೆ ತಿರುಗುವ ಅಂಥ ಯಂತ್ರಗಳು ನಮ್ಮ ತಗಡಿನ ಚಾವಣಿಗೂ ನಮ್ಮ ಶಕ್ತಿಗೂ ಮೀರಿದವು. ಆದ್ದರಿಂದ ಒಲೆಯನ್ನು ಹಾಗೆಯೇ ಇಟ್ಟುಕೊಂಡು, ಅದರ ಭಾರವನ್ನಷ್ಟೇ ಇಳಿಸುವ ದಾರಿಯನ್ನು ಆರಿಸಿದ್ದೇವೆ. ಮೋಡ ಕವಿದ ದಿನ ನೀರು ಉಗುರುಬೆಚ್ಚಗಷ್ಟೇ ಆಗಬಹುದು; ಅಂದು ಅನಿಲ ಎಂದಿನಂತೆ ಉರಿಯುತ್ತದೆ, ಊಟ ನಿಲ್ಲುವುದಿಲ್ಲ.

ನೀರಿನ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಾವು ಒಮ್ಮೆ ಎಡವಿದ್ದು ಅಲ್ಲಿಯೇ. ಹಿಂದೆ ದಾನಿಯೊಬ್ಬರು ಪ್ರೀತಿಯಿಂದ ಕೊಟ್ಟ ಹಳೆಯ ಹೀಟರಿಗೆ ಬೋರ್‌ವೆಲ್ ನೀರನ್ನೇ ಹರಿಸಿದೆವು. ಕೆಲವೇ ತಿಂಗಳಲ್ಲಿ ಕೊಳವೆಗಳ ಒಳಗೆ ಸುಣ್ಣದಂಥ ಬಿಳಿ ಪದರ ಕಟ್ಟಿತು, ಕಬ್ಬಿಣದ ಟ್ಯಾಂಕಿನಿಂದ ಕೆಂಪು ನೀರು ಬರತೊಡಗಿತು. ತಪ್ಪು ಹೀಟರಿನದಲ್ಲ, ಗಡಸು ನೀರನ್ನು ಬಿಟ್ಟ ನಮ್ಮದು. ಅದಕ್ಕೂ ಮುಖ್ಯವಾಗಿ, ನಮ್ಮ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಹಲ್ಲು ಕಂದಿದ, ಕೀಲು ಬಿಗಿದ ಹಿರಿಯರನ್ನು ನೋಡುತ್ತ ಬೆಳೆದ ನಾವು ಅಂಥ ನೀರಿನಲ್ಲಿ ಎಸರಿಡಲಾರೆವು. ಹೀಗಾಗಿ ಅಡುಗೆಗೆ ಈಗಾಗಲೇ ಬಳಸುತ್ತಿರುವ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೇ ಹೊಸ ಹೀಟರಿಗೂ ತುಂಬುತ್ತೇವೆ. ಆ ನೀರಿಗೆ ಕಬ್ಬಿಣದ ಟ್ಯಾಂಕು ಬೇಗ ತುಕ್ಕು ಹಿಡಿಯುವುದರಿಂದ, ಆಹಾರಕ್ಕೆ ಯೋಗ್ಯವಾದ ಸ್ಟೇನ್‌ಲೆಸ್ ಸ್ಟೀಲಿನ ಒಳಟ್ಯಾಂಕೇ ಬೇಕೆಂದು ಸಮಿತಿ ತೀರ್ಮಾನಿಸಿದೆ. ಬೆಲೆ ಹೆಚ್ಚಾದರೂ ಇದರಲ್ಲಿ ರಾಜಿಯಿಲ್ಲ.

ಹೀಟರಿನ 300 ಲೀಟರಿನಲ್ಲಿ ಸುಮಾರು 200 ಲೀಟರ್ ಅಡುಗೆಗೆ, ಉಳಿದದ್ದು ಮುದ್ದೆ ಹತ್ತಿದ ಪಾತ್ರೆಗಳನ್ನು ನೆನೆಸಿ ತೊಳೆಯುವುದಕ್ಕೆ. ಚಳಿಗಾಲದ ಮುಂಜಾನೆ ತಣ್ಣೀರಿನಲ್ಲಿ ಆ ಕೆಲಸ ಮಾಡುವ ತಾಯಂದಿರ ಕೈಗಳನ್ನು ನೋಡಿದವರಿಗೆ ಈ ಬಿಸಿನೀರಿನ ಬೆಲೆ ತಿಳಿಯುತ್ತದೆ.

ಹೀಟರ್, ಅದರ ಭಾರ ಹೊರುವ ಕಬ್ಬಿಣದ ಸ್ಟ್ಯಾಂಡ್, ಶಾಖ ತಡೆಯುವ ಪೈಪುಗಳು ಮತ್ತು ಜೋಡಣೆಯ ಕೂಲಿ ಸೇರಿ ನಮಗೆ 85,000 ರೂಪಾಯಿ ಬೇಕಾಗಿದೆ. ನೂರು ರೂಪಾಯಿಯಾದರೂ ಸರಿ, ತಮ್ಮ ಶಕ್ತ್ಯಾನುಸಾರ ನೀಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇವೆ. ವೆಲ್ಡಿಂಗ್ ಅಥವಾ ಪ್ಲಂಬಿಂಗ್ ಬಲ್ಲವರು ಒಂದು ದಿನದ ಕೆಲಸವನ್ನೇ ಕೊಟ್ಟರೂ ಅದನ್ನು ದೇಣಿಗೆಯೆಂದೇ ಬರೆದುಕೊಳ್ಳುತ್ತೇವೆ. ಪ್ರತಿ ದೇಣಿಗೆಗೂ ರಸೀದಿ ಕೊಡಲಾಗುವುದು. ಖರೀದಿಯ ಬಿಲ್ಲುಗಳನ್ನೂ, ಮುಂದೆ ಪ್ರತಿ ತಿಂಗಳು ಬಳಕೆಯಾದ ಸಿಲಿಂಡರುಗಳ ಲೆಕ್ಕವನ್ನೂ ಅರವಟಿಗೆಯ ಗೋಡೆಯ ಮೇಲೆ ಹಾಕುತ್ತೇವೆ. ಹೆಚ್ಚುವರಿ ಹಣ ಬಂದರೆ ಅದನ್ನು ಒಡೆದ ಕೊಳವೆಗಳ ಬದಲಾವಣೆಗೆಂದು ಬೇರೆಯಾಗಿ ತೆಗೆದಿಡಲಾಗುವುದು.

ದೇಣಿಗೆ ಕೊಡುವವರೂ ಕೊಡಲಾಗದವರೂ ಪಾವಗಡಕ್ಕೆ ಬಂದಾಗ ಒಂದು ಲೋಟ ಅಂಬಲಿ ಕುಡಿದು ಹೋಗಬೇಕೆಂದು ಕೋರುತ್ತೇವೆ.

ಇಂತಿ,
ನಿರ್ವಹಣಾ ಸಮಿತಿ, ಅಂಬಲಿ ಅರವಟಿಗೆ
ಪಾವಗಡ, ತುಮಕೂರು ಜಿಲ್ಲೆ