ಮೆದುಳನ್ನು ಅರಿಯಲು ಗಣಿತವೂ ಬೇಕು

ಮೆದುಳಿನ ಕಾರ್ಯವನ್ನು ಗಣಿತ, ಕಂಪ್ಯೂಟರ್‌ಗಳ ನೆರವಿನಿಂದ ಅರಿಯುವ ಗಣನಾತ್ಮಕ ನರವಿಜ್ಞಾನವನ್ನು ಸ್ನಾತಕೋತ್ತರ ಹಂತದಲ್ಲಿ ಓದಬಯಸುವವರಿಗೆ ನಮ್ಮ ಪದವಿಗಳ ವಿಷಯ ವಿಂಗಡಣೆಯೇ ಅಡ್ಡಗೋಡೆಯಾಗಿದೆ. ಗಣಿತ ಹಿಡಿದವರು ಜೀವಶಾಸ್ತ್ರವನ್ನು ಪಿಯುಸಿಗೇ ಕೈಬಿಟ್ಟಿರುತ್ತಾರೆ. ಪ್ರಾಣಿಶಾಸ್ತ್ರದವರಿಗೆ ಕಲನಶಾಸ್ತ್ರ ಮರೆತೇ ಹೋಗಿರುತ್ತದೆ. ಈ ವಿಷಯಕ್ಕೆ ಎರಡೂ ಬೇಕು. 1952ರಲ್ಲಿ ಬ್ರಿಟಿಷ್ ವಿಜ್ಞಾನಿಗಳಾದ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ, ಸ್ಕ್ವಿಡ್ ಎಂಬ ಕಡಲಜೀವಿಯ ನರತಂತುವಿನ ವಿದ್ಯುತ್ ಸಂಕೇತವನ್ನು ಸಮೀಕರಣಗಳಲ್ಲಿ ಹಿಡಿದಿಟ್ಟರು. ಅವನ್ನು ಬಿಡಿಸಲು ಹಕ್ಸ್‌ಲಿ ಬಳಸಿದ್ದು ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರ! ಇಂದು ಅದೇ ಲೆಕ್ಕವನ್ನು ಸಾಧಾರಣ ಕಾಲೇಜಿನ ಕಂಪ್ಯೂಟರ್‌ನಲ್ಲಿ ಉಚಿತ ತಂತ್ರಾಂಶದಿಂದಲೇ ಮಾಡಬಹುದು. ಭಾರತೀಯ ವಿಜ್ಞಾನ ಸಂಸ್ಥೆ, ನಿಮ್ಹಾನ್ಸ್ ಎರಡೂ ಬೆಂಗಳೂರಿನಲ್ಲಿವೆ. ಅವುಗಳ ಮಾರ್ಗದರ್ಶನ ಪಡೆದು, ಹಿಂದಿನ ಕಲಿಕೆಯ ಕೊರತೆ ತುಂಬುವ ಶಾಲೆಗಳ ಸೇತುಬಂಧದ ಮಾದರಿಯಲ್ಲಿ, ರಾಜ್ಯದ ವಿಶ್ವವಿದ್ಯಾಲಯಗಳು ಎಂ.ಎಸ್ಸಿ. ಮೊದಲ ಸೆಮಿಸ್ಟರ್‌ನಲ್ಲಿ ಗಣಿತದವರಿಗೆ ನರವಿಜ್ಞಾನ, ಜೀವಶಾಸ್ತ್ರದವರಿಗೆ ಗಣಿತ ಹಾಗೂ ಪ್ರೋಗ್ರಾಮಿಂಗ್ ಕಲಿಸುವ ಕೋರ್ಸ್‌ಗಳನ್ನು ಆರಂಭಿಸಲಿ.

– ನಿವೃತ್ತ ಗಣಿತ ಉಪನ್ಯಾಸಕ, ಧಾರವಾಡ