ಸೆನೆಟರ್ ಗ್ರಾಸ್ಲಿ ಅವರೇ, ಆ ಹಟ ಸುಂಕದ ಮಸೂದೆಗೂ ಇರಲಿ

ಮಾನ್ಯ ಸೆನೆಟರ್ ಚಕ್ ಗ್ರಾಸ್ಲಿ ಅವರಿಗೆ,

ನಮಸ್ಕಾರ. 2014ರಲ್ಲಿ ಅಮೆರಿಕದ ಅಯೋವಾ ಎಂಬ ನಿಮ್ಮದೇ ರಾಜ್ಯದ ಡೆಮಾಕ್ರಟಿಕ್ ನಾಯಕ ಬ್ರೂಸ್ ಬ್ರೇಲಿ ವಕೀಲರ ಮುಂದೆ ಒಂದು ಮಾತಾಡಿದ್ದರು. ಕಾನೂನು ಓದದ ಅಯೋವಾದ ರೈತನೊಬ್ಬ, ಅಂದರೆ ನೀವು, ಸೆನೆಟ್‌ನ ನ್ಯಾಯಾಂಗ ಸಮಿತಿಗೆ ಅಧ್ಯಕ್ಷನಾಗಿಬಿಟ್ಟಾನು ಎಂದು ಹೆದರಿಸಿದ್ದರು. ವಿಡಿಯೊ ಹೊರಬಿತ್ತು. ಅವರು ಆ ವರ್ಷ ಸೆನೆಟ್ ಚುನಾವಣೆ ಸೋತರು. 2015ರಲ್ಲಿ ನೀವು ಅದೇ ಸಮಿತಿಯ ಅಧ್ಯಕ್ಷರಾದಿರಿ. ರೈತ ಅನ್ನೋದು ಬೈಗುಳ ಅಂದುಕೊಂಡವರಿಗೆ ಸರಿಯಾಗೇ ಆಯ್ತು.

ನಿಮ್ಮ ರಿಪಬ್ಲಿಕನ್ ಪಕ್ಷದ ಸಂಪ್ರದಾಯವಾದಿ ರಾಜಕೀಯದಲ್ಲಿ ನನಗೆ ಹಿಡಿಸುವುದು ಕಡಿಮೆ. ಆದರೂ 1986ರ ಒಂದು ಕೆಲಸಕ್ಕೆ ಕೈ ಮುಗಿಯಬೇಕು. ಆಗ ಅಯೋವಾದಲ್ಲಿ ಜಮೀನಿನ ಬೆಲೆ ಕುಸಿದಿತ್ತು, ಹೊಲಗಳು ಹರಾಜಾಗುತ್ತಿದ್ದವು. ದಿವಾಳಿ ಕಾನೂನಿಗೆ 12ನೇ ಅಧ್ಯಾಯ ಸೇರಿಸಲು ನೀವು ಓಡಾಡಿದಿರಿ. ಸಾಲದಲ್ಲಿ ಮುಳುಗಿದ ರೈತ ಜಮೀನು, ಟ್ರ್ಯಾಕ್ಟರ್ ಉಳಿಸಿಕೊಂಡೇ, ಮುಂದಿನ ಬೆಳೆಗಳ ದುಡ್ಡಲ್ಲಿ ಮೂರರಿಂದ ಐದು ವರ್ಷ ಕಂತು ಕಟ್ಟಬಹುದು. ಬೆಳೆ ಕೈಗೆ ಬಂದಾಗ ಮಾತ್ರ ರೈತನ ಹತ್ತಿರ ಕಾಸಿರುತ್ತದೆ ಅನ್ನೋದು ಗೊತ್ತಿದ್ದವರು ಮಾಡಿದ ಕಾನೂನು ಅದು. ಮೊದಲು ತಾತ್ಕಾಲಿಕವಾಗಿತ್ತು, 2005ರಲ್ಲಿ ಕಾಯಂ ಆಯ್ತು.

ಈಗ ವಿಷಯಕ್ಕೆ ಬರುತ್ತೇನೆ. 2025ರ ಏಪ್ರಿಲ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಮರಿಯಾ ಕ್ಯಾಂಟ್‌ವೆಲ್ ಜೊತೆ ನೀವು ಒಂದು ಮಸೂದೆ ತಂದಿರಿ. ಅಮೆರಿಕದ ಅಧ್ಯಕ್ಷರು ಆಮದಿನ ಮೇಲೆ ಹೊಸ ಸುಂಕ ಹಾಕಿದರೆ 48 ಗಂಟೆಯಲ್ಲಿ ಸಂಸತ್ತಾದ ಕಾಂಗ್ರೆಸ್‌ಗೆ ತಿಳಿಸಬೇಕು. 60 ದಿನದಲ್ಲಿ ಕಾಂಗ್ರೆಸ್ ಒಪ್ಪದಿದ್ದರೆ ಸುಂಕ ಬಿದ್ದುಹೋಗುತ್ತದೆ. ಶ್ವೇತಭವನದಲ್ಲಿ ನಿಮ್ಮದೇ ಪಕ್ಷದವರಿರುವಾಗ ಇಂಥದ್ದಕ್ಕೆ ಸಹಿ ಹಾಕಲು ಧೈರ್ಯ ಬೇಕು.

ಸುಂಕದ ಜಗಳ ಎಲ್ಲೇ ಶುರುವಾಗಲಿ, ಪೆಟ್ಟು ಹೊಲಕ್ಕೆ ಬೀಳುತ್ತದೆ. 2018ರಲ್ಲಿ ಅಮೆರಿಕದ ಸುಂಕಕ್ಕೆ ಸೇಡಾಗಿ ಚೀನಾ ಅಮೆರಿಕದ ಸೋಯಾಬೀನ್ ಮೇಲೆ ಶೇ 25 ಸುಂಕ ಹಾಕಿತು. ಆಮೇಲೆ ಬ್ರೆಜಿಲ್‌ನಿಂದ ಜಾಸ್ತಿ ಕೊಂಡಿತು. ಹಾಗೆ ಹೋದ ಗಿರಾಕಿ ಬೇಗ ವಾಪಸ್ ಬರ್ತಾನಾ? ಇನ್ನು ಗೊಬ್ಬರ. ಕೆನಡಾದ ಪೊಟ್ಯಾಷ್‌ಗೆ ಸುಂಕ ಬೇಡ ಎಂದು ನೀವೇ ಕೇಳಿಕೊಂಡಿರಿ. ತನ್ನ ಬೆಳೆಗೆ ತಾನೇ ಬೆಲೆ ಕಟ್ಟಲಾಗದ ರೈತ ಗೊಬ್ಬರದ ಖರ್ಚನ್ನು ಯಾರ ಮೇಲೆ ಹಾಕಬೇಕು?

ಮಸೂದೆ ಮಂಡಿಸಿದರಷ್ಟೇ ಸಾಲದು. ಹಟ ಹಿಡಿಯೋದು ನಿಮಗೆ ಗೊತ್ತಿಲ್ಲ ಅಂತೇನಿಲ್ಲ. 2016ರಲ್ಲಿ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಒಬಾಮ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಹುದ್ದೆಗೆ ಮೆರಿಕ್ ಗಾರ್ಲಂಡ್ ಹೆಸರು ಸೂಚಿಸಿದಾಗ, ನಿಮ್ಮ ಸಮಿತಿಯಲ್ಲಿ ಒಂದೇ ಒಂದು ವಿಚಾರಣೆಯನ್ನೂ ನಡೆಸದೆ ತಿಂಗಳುಗಟ್ಟಲೆ ತಡೆದಿರಿ. ಅದು ಅನ್ಯಾಯ ಎಂದೇ ನನ್ನ ಅನಿಸಿಕೆ. ಪಕ್ಷಕ್ಕಾಗಿ ಅಷ್ಟು ಹಟ ಮಾಡಿದವರು ರೈತರಿಗಾಗಿ ಅದರಲ್ಲಿ ಅರ್ಧವಾದರೂ ಮಾಡಬೇಕಲ್ವಾ?

1981ರಿಂದ ಪ್ರತಿ ವರ್ಷ ಅಯೋವಾದ 99 ಕೌಂಟಿಗಳಿಗೂ (ನಮ್ಮ ಜಿಲ್ಲೆಗಳಂಥವು) ಹೋಗಿ ಜನರ ಮಾತು ಕೇಳುತ್ತಾ ಬಂದಿದ್ದೀರಿ. ಮುಂದಿನ ಸುತ್ತಿನಲ್ಲಿ ಈ ಮಸೂದೆಯನ್ನೂ ಜೊತೆಗೆ ಒಯ್ಯಿರಿ. ನಿಮ್ಮ ಪಕ್ಷದ ಯಾವ ಸೆನೆಟರ್ ಇದಕ್ಕೆ ಸಹಿ ಹಾಕಿದರು, ಯಾರು ಹಾಕಲಿಲ್ಲ ಎಂದು ಹೆಸರು ಹಿಡಿದು ಹೇಳಿ.

ವಂದನೆಗಳೊಂದಿಗೆ,
ನಿಮ್ಮ ಪಕ್ಷದವನಲ್ಲದ ಒಬ್ಬ